ಸ್ಟೀಲ್ ಟವೆಲ್ ಏಣಿಗೆ ಐದೇ ತಿಂಗಳಲ್ಲಿ ತುಕ್ಕು, ಟವೆಲಿಗೆ ಮುಗ್ಗಲು ವಾಸನೆ. ಏನು ಮಾಡಲಿ?

ಸುರತ್ಕಲ್_ಮನೆ:
ನಮ್ಮ ಮನೆಯಿಂದ ಸಮುದ್ರ ಒಂದು ಕಿಲೋಮೀಟರ್ ಕೂಡ ಇಲ್ಲ. ಬಾತ್‌ರೂಮಿನಲ್ಲಿ ಗೋಡೆಗೆ ಒರಗಿಸಿಡುವ ಏಣಿ ಥರದ ಟವೆಲ್ ಸ್ಟ್ಯಾಂಡ್ ತಂದೆ, ಐದು ಅಡ್ಡ ಪೈಪಿನದ್ದು. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರು, ಅಂಟಲಿಲ್ಲ, ಒಳ್ಳೆ ಸ್ಟೀಲೇ ಅಂದುಕೊಂಡೆ. ಮಳೆ ಶುರುವಾದದ್ದೇ ತಡ, ವೆಲ್ಡಿಂಗ್ ಜಾಗದಲ್ಲೆಲ್ಲ ಕಂದು ಚುಕ್ಕೆ, ಬಿಳಿ ಟವೆಲಿಗೂ ಕಲೆ. ಟವೆಲ್ ಒಣಗುವುದೂ ಇಲ್ಲ. ಮರದ್ದು ತರಲಾ?

ಆರ್ಕ್_ವೆಲ್ಡರ್:
ಸ್ಟೀಲಿನಲ್ಲಿ 202, 304, 316 ಅಂತ ಗ್ರೇಡ್ ಇರುತ್ತದೆ. ಅಯಸ್ಕಾಂತ 202ಕ್ಕೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ ಮಾರಾಯ್ರೆ! 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದಕ್ಕೇ ಅಗ್ಗ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಉಪ್ಪು ಗಾಳಿಗೆ ಅದೂ ಸ್ವಲ್ಪ ಕಂದಾಗುತ್ತದೆ. 316 ತಡೆಯುತ್ತದೆ, ಆದರೆ ಬೆಲೆ ಕೇಳಿದರೆ ಗೋಡೆಗೆ ನಾಲ್ಕು ಮೊಳೆ ಹೊಡೆಯುವುದೇ ವಾಸಿ ಅನ್ನಿಸುತ್ತದೆ. ಒಂದು ಹೇಳಿ, ಬಾತ್‌ರೂಮ್ ತೊಳೆಯಲು ಆಸಿಡ್ ಹಾಕುತ್ತೀರಾ?

ಸುರತ್ಕಲ್_ಮನೆ:
ವಾರಕ್ಕೊಮ್ಮೆ, ಬೋರ್ ನೀರಿನ ಬಿಳಿ ಕಲೆಗೆ. ಏಣಿಗೆ ತಾಗಿಸುವುದಿಲ್ಲ.

ಆರ್ಕ್_ವೆಲ್ಡರ್:
ತಾಗಬೇಕು ಅಂತಿಲ್ಲ, ಆಸಿಡಿನ ಹೊಗೆಯೇ ಸಾಕು. ತೊಳೆಯುವ ದಿನ ಏಣಿ ಹೊರಗಿಡಿ. ಚುಕ್ಕೆಗೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ, ತೊಳೆದು, ಪೂರ್ತಿ ಒರೆಸಿ. ಪಾತ್ರೆ ಉಜ್ಜುವ ಕಬ್ಬಿಣದ ನಾರು ಮಾತ್ರ ಬೇಡ, ಅದರ ಚೂರು ಪೈಪಿನಲ್ಲಿ ಸಿಕ್ಕಿಕೊಂಡು ಅದೇ ತುಕ್ಕು ಹಿಡಿಯುತ್ತದೆ. ಕಾಲಿನ ರಬ್ಬರ್ ಬುಷ್ ಕಳಚಿ ಒಳಗೂ ನೋಡಿ.

ಮಳೆಗಾಲ_ಸಂಸಾರ:
ವಾಸನೆಗೆ ಸ್ಟೀಲ್ ಕಾರಣ ಅಲ್ಲ, ಪೈಪುಗಳ ನಡುವಿನ ಅಂತರ ಅಳೆಯಿರಿ. 140 ಸೆಂ.ಮೀ. ಟವೆಲ್ ಮಧ್ಯಕ್ಕೆ ಮಡಚಿ ಹಾಕಿದರೆ 70 ಸೆಂ.ಮೀ. ಇಳಿಯುತ್ತದೆ, ಅಂತರ 30 ಇದ್ದರೆ ಒದ್ದೆಯ ಮೇಲೆ ಒದ್ದೆ ಕೂತ ಹಾಗೆ ಅಲ್ವಾ? ಐದು ಪೈಪಿಗೆ ಎರಡೇ ಟವೆಲ್ ಹಾಕಿ. ನಾವಂತೂ ಮಳೆಗಾಲಕ್ಕೆ ದಪ್ಪ ಟವೆಲ್ ಕಟ್ಟಿಟ್ಟು ತೆಳು ಬಟ್ಟೆಯ ಬೈರಾಸಕ್ಕೆ ಇಳಿದುಬಿಡುತ್ತೇವೆ. ಮರದ್ದೇ ಬೇಕಾದರೆ ಸಾಗುವಾನಿ ನೋಡಿ. ನಾನು ಬಿದಿರಿನದ್ದು ತಂದು ಜುಲೈಗೆ ಬೂಷ್ಟು ಒರೆಸಿ ಸುಸ್ತಾದೆ. ಮಕ್ಕಳಿದ್ದರೆ ಮೇಲ್ತುದಿಗೆ ಕ್ಲಾಂಪ್ ಹಾಕಿಸಿ, ಒರಗಿಸಿದ್ದು ಎಳೆದರೆ ಜಾರುತ್ತದೆ. ಟೈಲ್ಸ್ ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ.

ಸುರತ್ಕಲ್_ಮನೆ:
ಅಂತರ 28 ಇದೆ, ನಾಲ್ಕು ಟವೆಲ್ ಹಾಕುತ್ತಿದ್ದೆವು. ಬುಷ್ ಕಳಚಿದೆ, ಅರ್ಧ ಲೋಟ ಕಂದು ನೀರು ಬಂತು! ವೆಲ್ಡಿಂಗಿನ ಸಣ್ಣ ತೂತಿನಿಂದ ಇಳಿದಿರಬೇಕು. ಬುಷ್‌ಗೆ ತೂತು ಮಾಡಿ ಹಾಕಲಾ?

ಆರ್ಕ್_ವೆಲ್ಡರ್:
ಹಾಕಿ, ನೀರು ನಿಲ್ಲುವುದಿಲ್ಲ. ಅದಕ್ಕೆ ಮುಂಚೆ ಎರಡು ದಿನ ತಲೆಕೆಳಗು ಮಾಡಿ ಬಿಸಿಲಿಗಿಡಿ. ಬಿಸಿಲು ಬಂದರೆ.