ಅಲ್ಡ್ರೊವಾಂಡ ಹಿಂದಿನಿಂದ ಕೊಳೀತಿದೆ, ಟಬ್ ತುಂಬ ನೂಲುಪಾಚಿ. ಪಿಎಚ್ ಮಧ್ಯಾಹ್ನ 9 ದಾಟುತ್ತೆ

ಹಸಿರುಟಬ್:
ಎಲ್ಲರಿಗೂ ನಮಸ್ಕಾರ. 20 ಲೀಟರ್ ಪ್ಲಾಸ್ಟಿಕ್ ಟಬ್ಬಿನಲ್ಲಿ ಅಲ್ಡ್ರೊವಾಂಡ ವೆಸಿಕ್ಯುಲೋಸ (ವಾಟರ್‌ವೀಲ್) ಇಟ್ಟಿದ್ದೇನೆ, ನೀರಲ್ಲಿ ತೇಲುತ್ತಾ ಬಲೆಯಂಥ ಎಲೆಗಳಿಂದ ಪುಟ್ಟ ಜೀವಿಗಳನ್ನು ಹಿಡಿದು ತಿನ್ನೋ ಗಿಡ. ನೀರಿನ ಆಳ 25 ಸೆಂ.ಮೀ., ಆರ್‌ಒ ನೀರು. ತಳದಲ್ಲಿ ಮಣ್ಣು, ಮರಳು ಏನೂ ಇಲ್ಲ, ಬೇರೆ ಗಿಡವೂ ಇಲ್ಲ. ದಿನವಿಡೀ ನೇರ ಬಿಸಿಲು. ವಾರಕ್ಕೊಮ್ಮೆ ಮೀನಿನ ಆಹಾರ ಪುಡಿ ಮಾಡಿ ಚಿಟಿಕೆಯಷ್ಟು ಉದುರಿಸ್ತೀನಿ. ಶುರುವಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 15 ಇತ್ತು, ಈಗ 70.

10-12 ಸೆಂ.ಮೀ. ಇದ್ದ ಎಳೆಗಳು 4 ಸೆಂ.ಮೀ.ಗೆ ಇಳಿದಿವೆ. ಹಿಂಭಾಗ ಕಂದಾಗಿ ಉದುರುತ್ತೆ, ತುದಿಯ ಎಲೆಸುತ್ತುಗಳೂ (ಕಾಂಡದ ಸುತ್ತ ಚಕ್ರದಂತೆ ಇರೋ ಎಲೆಗಳು) ಸಣ್ಣದಾಗ್ತಿವೆ. ನೂಲುಪಾಚಿ ಎಲ್ಲಾ ಕಡೆ ಸುತ್ತಿಕೊಂಡಿದೆ. ಪಿಎಚ್ ಬೆಳಗ್ಗೆ 6.8, ಮಧ್ಯಾಹ್ನ 3 ಗಂಟೆಗೆ 9.2. ಮೀಟರ್ ಕೆಟ್ಟಿದೆಯಾ?

ಹಿಂದಿನಿಂದ ಕೊಳೆಯೋದು ರೋಗವಾ? ಕಡ್ಡಿ ತಾಗಿಸಿದರೂ ಬಲೆಗಳು ಮುಚ್ಚಲ್ಲ, ಊಟ ಸಾಲ್ತಿಲ್ವಾ? ಪಾಚಿಗೆ ಅಕ್ವೇರಿಯಂ ಔಷಧಿ ಹಾಕಬಹುದಾ? ಏರ್‌ಪಂಪ್ ಇಟ್ಟರೆ ಸರಿಹೋಗುತ್ತಾ?

ಜೇಕುಜೊಂಡು:
ಮೀಟರ್ ಸರಿಯಾಗೇ ಇದೆ. ಗಿಡ ಕುಗ್ಗೋಕೆ ಕಾರಣವೇ ಆ 9.2.

ಅಲ್ಡ್ರೊವಾಂಡಕ್ಕೆ ಬೇರಿಲ್ಲ. ಇಂಗಾಲವನ್ನು ನೀರಿನಲ್ಲಿ ಕರಗಿರುವ ಸಿಒ2 ರೂಪದಲ್ಲಿ ಮಾತ್ರ ತಗೊಳ್ಳುತ್ತೆ, ನೀರಿನಲ್ಲಿರೋ ಇಂಗಾಲದ ಇನ್ನೊಂದು ರೂಪವಾದ ಬೈಕಾರ್ಬೊನೇಟ್ ಅದಕ್ಕೆ ದಕ್ಕಲ್ಲ. ನೂಲುಪಾಚಿಗೆ ಎರಡೂ ನಡೆಯುತ್ತೆ. ಬಿಸಿಲೇರಿದ ಹಾಗೆ ಪಾಚಿ ಮೊದಲು ಸಿಒ2 ಖಾಲಿ ಮಾಡುತ್ತೆ, ಆಮೇಲೆ ಬೈಕಾರ್ಬೊನೇಟಿಗೆ ಕೈ ಹಾಕುತ್ತೆ, ಪಿಎಚ್ 9 ದಾಟುತ್ತೆ. ಆ ಹೊತ್ತಿಗೆ ನಿಮ್ಮ ಗಿಡದ ಪಾಲಿಗೆ ನೀರಿನಲ್ಲಿ ಇಂಗಾಲವೇ ಇರಲ್ಲ. ದಿನದ ಅತ್ಯುತ್ತಮ ಬೆಳಕಿನಲ್ಲಿ ಉಪವಾಸ. ತುದಿ ಸಣ್ಣದಾಗೋದು ಇದಕ್ಕೇ.

ಹಿಂಭಾಗ ಕೊಳೆಯೋದು ರೋಗವಲ್ಲ, ಅದರ ಸ್ವಭಾವ. 25 ಡಿಗ್ರಿ ಆಸುಪಾಸಿನಲ್ಲಿ ತುದಿಯಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಒಂದು ಹೊಸ ಸುತ್ತು ಬರುತ್ತೆ, ಅಷ್ಟೇ ವೇಗದಲ್ಲಿ ಹಿಂದಿನ ಸುತ್ತು ಸಾಯುತ್ತೆ. ಆರೋಗ್ಯವಾಗಿದ್ದರೆ ಉದ್ದ ಇದ್ದ ಹಾಗೇ ಇದ್ದು ಪಕ್ಕದ ಕವಲು ಒಡೆಯುತ್ತಿರಬೇಕು. ಉದ್ದ ಕಡಿಮೆಯಾಗ್ತಿದೆ ಅಂದರೆ ಹುಟ್ಟು ಸಾವಿಗಿಂತ ಹಿಂದೆ ಬಿದ್ದಿದೆ. ಹಾಗಾಗಿ ಕೊಳೆತ ಬಾಲ ನೋಡಿ ಗಾಬರಿಯಾಗಬೇಡಿ, ತುದಿ ನೋಡಿ. ಹಸಿರಾಗಿ, ಬಿಗಿಯಾಗಿ, ಹಿಂದಿನ ಸುತ್ತುಗಳಷ್ಟೇ ಅಗಲವಾಗಿದ್ದರೆ ಗಿಡ ಗಟ್ಟಿ.

ಪಾಚಿಗೆ ಗೊಬ್ಬರ ಹಾಕ್ತಿರೋದು ನೀವೇ: ಆ ಮೀನಿನ ಪುಡಿ. ಬಲೆಯೊಳಗಿನ ಸೂಕ್ಷ್ಮ ರೋಮಗಳನ್ನು ಕದಲಿಸೋ ಜೀವ ಬೇಕು, ಸತ್ತ ಪುಡಿ ಬಲೆಗೆ ಹೋಗಲ್ಲ. ಅದು ನೀರಿನಲ್ಲಿ ಕೊಳೆತು ಸಾರಜನಕ, ರಂಜಕ ಬಿಟ್ಟು ಪಾಚಿ ಬೆಳೆಸುತ್ತೆ. ಇವತ್ತಿನಿಂದಲೇ ನಿಲ್ಲಿಸಿ.

ಈಗ ಮಾಡಬೇಕಾದ್ದು. ಬಿಳಿ ತಟ್ಟೆಯಲ್ಲಿ 3 ಸೆಂ.ಮೀ. ನೀರು ಹಾಕಿ ಒಂದೊಂದೇ ಎಳೆಯನ್ನು ಅದಕ್ಕೆ ಬಿಡಿ. ತುದಿ ಮುಟ್ಟಬೇಡಿ, ಹಳೆಯ ಭಾಗ ಹಿಡಿಯಿರಿ. ಪಾಚಿಯನ್ನು ಹಲ್ಲುಕಡ್ಡಿಗೆ ಸುತ್ತಿ, ತುದಿಯಿಂದ ಅಲ್ಲ, ಬಾಲದಿಂದ ತುದಿಯ ಕಡೆಗೆ ಎಳೆಯಿರಿ. ಎಲೆತೊಟ್ಟಿನ ಮೊನಚು ಬಿರುಗೂದಲು ಮುಂದಕ್ಕೆ ಚಾಚಿರುತ್ತೆ, ಎದುರು ದಿಕ್ಕಿನಲ್ಲಿ ಎಳೆದರೆ ಸುತ್ತೇ ಕಿತ್ತು ಬರುತ್ತೆ. ಉಳಿದದ್ದನ್ನು ಮೆತ್ತನೆ ಬಣ್ಣದ ಬ್ರಷ್‌ನಲ್ಲಿ ಬಿಡಿಸಿ. ಕಂದಾದ ಬಾಲ ಕತ್ತರಿಸಿ. ಟಬ್ ತಿಕ್ಕಿ ತೊಳೆದು ಹೊಸ ನೀರು, 50 ಶೇಕಡಾ ನೆರಳು ಬಲೆ, ಅಥವಾ ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಮಾತ್ರ ಸಿಗೋ ಜಾಗ.

ಔಷಧಿ ಬೇಡವೇ ಬೇಡ. ತಾಮ್ರ ಇರುವ ಪಾಚಿನಾಶಕ ನೀರಿನ ಪುಟ್ಟ ಜೀವಿಗಳಾದ ಡ್ಯಾಫ್ನಿಯಾ, ಆಸ್ಟ್ರಕಾಡ್‌ಗಳನ್ನು ಮೊದಲು ಕೊಲ್ಲುತ್ತೆ, ಅಂದರೆ ಗಿಡದ ಊಟವನ್ನೇ. ದ್ರವ ಇಂಗಾಲ ಅಂತ ಮಾರುವ ಗ್ಲುಟರಾಲ್ಡಿಹೈಡ್ ಇಂಥ ತೆಳು ಎಲೆಗಳನ್ನೇ ಸುಡಬಹುದು. ಏರ್‌ಪಂಪ್ ಕೂಡ ಬೇಡ, ಇರೋ ಸಿಒ2 ಹಾರಿಹೋಗುತ್ತೆ.

ಮೀಟರ್‌ಮನೆ:
ಬಹುತೇಕ ಒಪ್ಪುತ್ತೇನೆ, ಏರ್‌ಪಂಪ್ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ. ಗಾಳಿಯ ಜೊತೆ ಸಮತೋಲನದಲ್ಲಿರುವ ನೀರಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಸಿಒ2 ಇರುತ್ತೆ. ಪಿಎಚ್ 9.2 ಇರುವ ಟಬ್ಬಿನಲ್ಲಿ ಅಷ್ಟೂ ಇಲ್ಲ, ಹಾಗಾಗಿ ಅಲ್ಲಿ ಪಂಪ್ ಸಿಒ2 ತರುತ್ತೆ, ಕಳೆಯಲ್ಲ. ಆದರೂ ಅದು ಪರಿಹಾರ ಅಲ್ಲ: ಅಲ್ಡ್ರೊವಾಂಡ ಚೆನ್ನಾಗಿ ಬೆಳೆಯಬೇಕಾದರೆ 4-5 ಮಿಲಿಗ್ರಾಂ ಬೇಕು. ಅಷ್ಟು ಬರೋದು ತಳದಲ್ಲಿ ನಿಧಾನವಾಗಿ ಕೊಳೆಯುವ ಒಣ ಎಲೆಯಿಂದ. ಎಲೆ ಹಾಕಿದ ಟಬ್ಬಿಗೆ ಪಂಪ್ ಇಟ್ಟರೆ ಆಗ ನಿಜವಾಗಿಯೂ ನಷ್ಟ. ಜೊತೆಗೆ ನೀರು ಅಲುಗಾಡಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಬಲೆ ಮುಚ್ಚದಿರೋದಕ್ಕೆ ಹಸಿವು ಕಾರಣ ಅಲ್ಲ. ತುದಿಯ ಮೊದಲ ಎರಡು ಮೂರು ಸುತ್ತುಗಳ ಬಲೆ ಇನ್ನೂ ತೆರೆದೇ ಇರಲ್ಲ. ಅದರ ಹಿಂದಿನ ಕೆಲವು ಸುತ್ತುಗಳು ಮಾತ್ರ ಚುರುಕು, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಚ್ಚುತ್ತವೆ. ಇನ್ನೂ ಹಿಂದಿನವು ಮುದಿ. ನಿಮ್ಮ 4 ಸೆಂ.ಮೀ. ಎಳೆಯಲ್ಲಿ ಕೆಲಸ ಮಾಡೋ ಬಲೆ ಕೆಲವೇ ಕೆಲವು, ಅವುಗಳ ಬಾಯಲ್ಲೂ ಪಾಚಿ ಸಿಕ್ಕಿಕೊಂಡಿರುತ್ತೆ. ಕಡ್ಡಿ ಆಟ ಬಿಡಿ. ಸುಮ್ಮನೆ ಮುಚ್ಚಿದ ಬಲೆ ಮತ್ತೆ ತೆರೆಯೋಕೆ ಹೊತ್ತು ಬೇಕು, ಅಷ್ಟು ಶಕ್ತಿ ದಂಡ.

ಪಿಎಚ್ ದಿನಕ್ಕೆ ಎರಡು ಸಲ ನೋಡಿ, ಸೂರ್ಯ ಏಳೋ ಮುಂಚೆ ಮತ್ತು ಮಧ್ಯಾಹ್ನ. ಎರಡೂ 6ರಿಂದ 7ರೊಳಗೆ ಇದ್ದರೆ ಟಬ್ ಹದಕ್ಕೆ ಬಂದಿದೆ. ಮಧ್ಯಾಹ್ನದ್ದು 7.5 ದಾಟೋಕೆ ಶುರುವಾದರೆ, ಕಣ್ಣಿಗೆ ಕಾಣದಿದ್ದರೂ ಪಾಚಿ ಬರ್ತಿದೆ ಅಂತ ಲೆಕ್ಕ.

ಹಸಿರುಟಬ್:
ತುಂಬಾ ಥ್ಯಾಂಕ್ಸ್. ಒಣ ಎಲೆ ಯಾವುದು, ಎಷ್ಟು? ಜೊತೆಗೆ ಬೇರೆ ಗಿಡ ಇಡಬೇಕಾ? ಊಟಕ್ಕೆ ಸೊಳ್ಳೆ ಮರಿ ಆಗುತ್ತಾ? ನಮ್ಮಲ್ಲಿ ಚಳಿ ಜಾಸ್ತಿ, ಅದಕ್ಕೇನು ಮಾಡೋದು?

ಜೇಕುಜೊಂಡು:
ಜೇಕು ಅಥವಾ ಜೊಂಡಿನ ಎಲೆ, ಗಿಡದಲ್ಲೇ ಒಣಗಿ ಕಂದಾದದ್ದು. ಹಸಿರು ಎಲೆ ಹಾಕಿದರೆ ಬೇಗ ಕೊಳೆತು ಅಮೋನಿಯ ಬಿಡುತ್ತೆ, ನೀರು ನಾರುತ್ತೆ. 5 ಸೆಂ.ಮೀ. ತುಂಡು ಮಾಡಿ, ಹತ್ತು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ನಿಮ್ಮ ಟಬ್ಬಿಗೆ 20 ಗ್ರಾಂನಿಂದ ಶುರು ಮಾಡಿ. ಒಂದೆರಡು ವಾರದಲ್ಲಿ ನೀರು ತಿಳಿ ಚಹಾದ ಬಣ್ಣಕ್ಕೆ ಬರಬೇಕು. ಬರದಿದ್ದರೆ ಇನ್ನು 10 ಗ್ರಾಂ. ಆ ಬಣ್ಣ ಬಿಸಿಲನ್ನೂ ತಡೆಯುತ್ತೆ. ಅಷ್ಟು ದಿನ ಗಿಡವನ್ನು ಬೇರೆ ಪಾತ್ರೆಯಲ್ಲಿ ಇಡೋದು ಕ್ಷೇಮ.

ಜೊತೆಗಿಡ ಖಂಡಿತ ಬೇಕು. ತೊಳೆದ ಮರಳು ತುಂಬಿದ ಸಣ್ಣ ಕುಂಡದಲ್ಲಿ ಒಂದು ಜೀವಂತ ಜೇಕು ನೆಟ್ಟು ಟಬ್ಬಿನಲ್ಲಿ ಮುಳುಗಿಸಿ. ಅದು ಗಾಳಿಯಿಂದ ಸಿಒ2, ನೀರಿನಿಂದ ಸಾರಜನಕ-ರಂಜಕ ತಗೊಳ್ಳುತ್ತೆ, ಪಾಚಿಗೆ ಉಳಿಯಲ್ಲ. ಗೊಬ್ಬರದ ಮಣ್ಣಿರೋ ನರ್ಸರಿ ಕುಂಡವನ್ನು ಹಾಗೇ ಇಳಿಸಿದರೆ ಮಾತ್ರ ಕಥೆ ಮುಗೀತು. ಸಾಲ್ವಿನಿಯ (ನೀರಿನ ಮೇಲೆ ತೇಲೋ ಗಿಡ) ಬೇಕಾದರೆ ಮೇಲ್ಮೈಯ ಮೂರನೇ ಒಂದು ಭಾಗ ಮೀರದಂತೆ ಇರಲಿ. ಆದರೆ 20 ಲೀಟರ್ ಕಡಿಮೆಯೇ, 50 ಲೀಟರಿನ ಅಗಲ ಟಬ್ ಸಿಕ್ಕರೆ ಬದಲಾಯಿಸಿ.

ಕೆರೆಹುಳ:
ಊಟದ ಬಗ್ಗೆ. ಸೈಕ್ಲಾಪ್ಸ್, ಆಸ್ಟ್ರಕಾಡ್, ಸಣ್ಣ ಡ್ಯಾಫ್ನಿಯಾ ಎಲ್ಲಾ ಆಗುತ್ತೆ. ಬಲೆಯೇ ನಾಲ್ಕೈದು ಮಿ.ಮೀ. ಇರೋದರಿಂದ 1-2 ಮಿ.ಮೀ. ಜೀವ ಸಾಕು. ಒಣ ಎಲೆ ಇದ್ದರೆ ಆಸ್ಟ್ರಕಾಡ್ ಅದನ್ನೇ ತಿಂದು ತಾನೇ ಹೆಚ್ಚುತ್ತೆ. ಅದರ ಚಿಪ್ಪಿಗೆ ಕ್ಯಾಲ್ಸಿಯಂ ಬೇಕು, ಬರೀ ಆರ್‌ಒ ನೀರಿನಲ್ಲಿ ನಿಲ್ಲಲ್ಲ. ಐದು ಪಾಲಿಗೆ ಒಂದು ಪಾಲು ಕ್ಲೋರಿನ್ ಕಳೆದ ನಲ್ಲಿ ನೀರು ಬೆರೆಸಿ. ಎಲ್ಲ ಬಲೆಯೂ ತುಂಬಬೇಕಿಲ್ಲ, ಎಳೆಗೆ ಒಂದಷ್ಟು ಬಲೆಗೆ ಸಿಕ್ಕರೂ ಬೆಳವಣಿಗೆ ಎದ್ದು ಕಾಣುತ್ತೆ.

ಸೊಳ್ಳೆ ಮರಿ ಚಿಕ್ಕದಾಗಿದ್ದಾಗ ಬಲೆಗೆ ಬೀಳುತ್ತೆ, ದೊಡ್ಡದಾದರೆ ತಪ್ಪಿಸಿಕೊಳ್ಳುತ್ತೆ. ಗಿಡವೇ ಸೊಳ್ಳೆ ನಿಯಂತ್ರಿಸುತ್ತೆ ಅಂತ ನಂಬಿ ಕೂರಬೇಡಿ. ಟಬ್ಬಿನ ಮೇಲೆ ಸೊಳ್ಳೆಪರದೆ ಬಿಗಿಯಿರಿ ಅಥವಾ ಬಿಟಿಐ (ಸೊಳ್ಳೆ ಮರಿ ಕೊಲ್ಲೋ ಬ್ಯಾಕ್ಟೀರಿಯಾದ ಔಷಧಿ) ಹಾಕಿ, ಹೇಳಿದ ಪ್ರಮಾಣದಲ್ಲಿ ಅದು ಡ್ಯಾಫ್ನಿಯಾಕ್ಕೂ ಗಿಡಕ್ಕೂ ತೊಂದರೆ ಮಾಡಲ್ಲ. ಗಪ್ಪಿ ಮೀನು ಬಿಡೋ ಯೋಚನೆ ಇದ್ದರೆ ಕೈಬಿಡಿ. ಗಿಡದ ಊಟ ತಿಂದು ನೀರಿಗೆ ಗೊಬ್ಬರ ಹಾಕುತ್ತೆ. ಗೊದಮೊಟ್ಟೆಗಳು ತುದಿಯನ್ನೇ ಕಚ್ಚುತ್ತವೆ.

ಮೀಟರ್‌ಮನೆ:
ಚಳಿಗೆ: ಮೊದಲು ನಿಮ್ಮದು ಯಾವ ಮೂಲದ ತಳಿ ಅಂತ ಕೊಟ್ಟವರನ್ನು ಕೇಳಿ. ತಂಪು ಪ್ರದೇಶದ ತಳಿಗಳು ಹಗಲು ಕಿರಿದಾಗಿ ನೀರು 15 ಡಿಗ್ರಿಗಿಂತ ಇಳಿಯುತ್ತಿದ್ದಂತೆ ತುದಿಯನ್ನು ಗಟ್ಟಿ ಮೊಗ್ಗು, ಅಂದರೆ ಟ್ಯೂರಿಯಾನ್ ಮಾಡಿಕೊಂಡು ತಳಕ್ಕೆ ಇಳಿಯುತ್ತವೆ. ಅವನ್ನು ಸ್ವಲ್ಪ ಟಬ್ಬಿನ ನೀರಿನ ಜೊತೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ 3-5 ಡಿಗ್ರಿಯಲ್ಲಿ ಇಡಿ, ಹೆಪ್ಪುಗಟ್ಟಬಾರದು. ಸತ್ತ ಎಲೆ ಮೊದಲೇ ಬಿಡಿಸಿ, ಇಲ್ಲದಿದ್ದರೆ ಡಬ್ಬಿಯೊಳಗೆ ಕೊಳೆಯುತ್ತೆ. ಉಷ್ಣವಲಯದ ತಳಿ ಟ್ಯೂರಿಯಾನ್ ಮಾಡಲ್ಲ, ಅದನ್ನು ಫ್ರಿಜ್ಜಿಗೆ ಹಾಕಿದರೆ ಸಾಯುತ್ತೆ. ಒಳಗೆ ದೀಪದಡಿ 20 ಡಿಗ್ರಿಗಿಂತ ಮೇಲೆ, 12 ಗಂಟೆ ಬೆಳಕಿನಲ್ಲಿ ನಡೆಸಿ.

ಇನ್ನೊಂದು, ಹೆಚ್ಚಾದ ಗಿಡವನ್ನು ಹೊರಗಿನ ಕೆರೆಗೆ ಬಿಡಬೇಡಿ. ಜಗತ್ತಿನ ಹಲವೆಡೆ ಅಳಿವಿನಂಚಿನಲ್ಲಿರುವ ಇದೇ ಗಿಡ ಅಮೆರಿಕದ ನ್ಯೂಜೆರ್ಸಿ, ವರ್ಜೀನಿಯಾಗಳಲ್ಲಿ ಹೊರಗಿನಿಂದ ಬಂದು ನೆಲೆಯೂರಿದೆ. ಹೆಚ್ಚಾದದ್ದನ್ನು ಬೆಳೆಸುವವರಿಗೆ ಕೊಡಿ. ಕೊಡೋ ಮುಂಚೆ ಬಿಳಿ ತಟ್ಟೆಯಲ್ಲಿ ಹರಡಿ ನೋಡಿ, ಅದರ ನಡುವೆ ಯುಟ್ರಿಕುಲೇರಿಯ ಗಿಬ್ಬ ಅನ್ನೋ ಇನ್ನೊಂದು ನೀರುಗಿಡದ ಕೂದಲೆಳೆ ಸೇರಿರಬಹುದು, ಒಂದು ತುಂಡು ಹೋದರೂ ಅವರ ಟಬ್ ತುಂಬಾ ಅದೇ ಆಗುತ್ತೆ.