ಸಿಂಧನೂರು ಕಡೆಯ ಹಳೇ ಕಾಂಕ್ರೀಟ್ ಚರ್ಚ್: ಚಾವಣಿ ಸೋರುತ್ತಿದೆ, ಕಂಬಿ ಕಾಣುತ್ತಿದೆ. ಕೆಡವದೆ ಉಳಿಸೋದು ಹೇಗೆ?

ಎರೆಹೊಲ:
ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ನಮ್ಮೂರ ಚರ್ಚ್ ಅರವತ್ತರ ದಶಕದ್ದು. ಗೋಪುರ, ಕಮಾನು ಏನೂ ಇಲ್ಲ. ಕಾಂಕ್ರೀಟ್ ಚಾವಣಿಯನ್ನೇ ಕಾಗದ ಮಡಚಿದ ಹಾಗೆ ಏರು, ತಗ್ಗು ಮಾಡಿ ಹಾಕಿದ್ದಾರೆ. ಗೋಡೆಗೆ ಸಿಮೆಂಟ್ ಜಾಲಿ, ನೆಲಕ್ಕೆ ಮೊಸಾಯಿಕ್.

ಮಳೆ ಬಂದರೆ ಬಲಿಪೀಠದ ಮುಂದೆ ಅಡ್ಡಕ್ಕೆ ಒಂದೇ ಗೆರೆಯಲ್ಲಿ ಸೋರುತ್ತದೆ. ಅಲ್ಲೇ ಸ್ಲ್ಯಾಬಿನ ತಳ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಬಂದಿದೆ. ಕಂಟ್ರಾಕ್ಟರ್ ಒಬ್ಬರು ತಗ್ಗುಗಳಿಗೆಲ್ಲ ಇಟ್ಟಿಗೆ ಚೂರು ತುಂಬಿ, ಸಮ ಮಾಡಿ, ಮೇಲೆ ಶಹಾಬಾದ್ ಕಲ್ಲು ಹಾಸೋಣ ಅಂತಾರೆ. ಕಮಿಟಿಯಲ್ಲಿ ಅರ್ಧ ಜನ "ಇದು ಗೋಡೌನ್ ಇದ್ದಂಗಿದೆ, ಕೆಡವಿ ಚೆಂದದ್ದು ಕಟ್ಟೋಣ" ಅಂತಿದ್ದಾರೆ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟರೆ ಕೆಡವೋದು ನಿಲ್ಲುತ್ತದಾ?

ಬಳ್ಳಾರಿ ಸೆಂಟ್ರಿಂಗ್:
ಮೊದಲು ಆ ಶಹಾಬಾದ್ ಕಲ್ಲಿನ ಮಾತು ನಿಲ್ಲಿಸಿ. ಇಟ್ಟಿಗೆ ಚೂರಿನ ಪದರ 10 ಸೆಂ.ಮೀ. ಆದರೂ ಚದರ ಮೀಟರಿಗೆ ಸುಮಾರು 180–200 ಕಿಲೋ ಭಾರ. 10 ಸೆಂ.ಮೀ. ಕಾಂಕ್ರೀಟ್ ಸ್ಲ್ಯಾಬಿನ ಸ್ವಂತ ತೂಕವೇ 250 ಕಿಲೋ. ಇಂಥ ಚಾವಣಿ ನಿಂತಿರೋದು ದಪ್ಪದಿಂದ ಅಲ್ಲ, ಮಡಿಕೆಯಿಂದ. ತೆಳು ಹಲಗೆಗಳು ಓರೆಯಾಗಿ ಒಂದಕ್ಕೊಂದು ಆತುಕೊಂಡು ತೊಲೆಯ ಕೆಲಸ ಮಾಡುತ್ತಿವೆ. ತಗ್ಗು ತುಂಬಿದರೆ ಭಾರವೂ ಏರುತ್ತದೆ, ನೀರು ಹರಿಯುವ ದಾರಿಯೂ ಮುಚ್ಚುತ್ತದೆ.

ಒಂದೇ ಗೆರೆಯಲ್ಲಿ ಸೋರುತ್ತದೆ ಅಂದಿರಲ್ಲ, ಅಲ್ಲಿ ಎಕ್ಸ್‌ಪಾನ್ಶನ್ ಜಾಯಿಂಟ್, ಅಂದರೆ ಕಾಂಕ್ರೀಟ್ ಹಿಗ್ಗಿ ಕುಗ್ಗಲು ಬಿಟ್ಟ ಸಂದು, ಇದೆಯಾ? ಮೇಲೆ ಹತ್ತಿ ಒಂದು ಫೋಟೋ ಹಾಕಿ.

ಗಿಲಾವು ಮೇಸ್ತ್ರಿ, ಕೊಪ್ಪಳ:
ಫೋಟೋ ಜೊತೆ ಇನ್ನೊಂದು ಕೆಲಸ ಮಾಡ್ರಿ. ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ತಳ ಮೆಲ್ಲಗೆ ಬಡಿದು ನೋಡ್ರಿ. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕ್ರಿ. ಎಷ್ಟು ಕೆಟ್ಟಿದೆ ಅಂತ ಕಮಿಟಿಯವರಿಗೂ ಕಣ್ಣಿಗೆ ಕಾಣುತ್ತದೆ. ಕೆಳಗೆ ಯಾರನ್ನೂ ನಿಲ್ಲಿಸಬೇಡಿ.

ಹಳೇಕಟ್ಟಡ:
ಅರ್ಜಿಯ ವಿಷಯಕ್ಕೆ ಬರುತ್ತೇನೆ. 1958ರ ಕೇಂದ್ರ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ನಿಮ್ಮದಕ್ಕೆ ಇನ್ನೂ ಬಹಳ ಕಾಲ ಇದೆ. ದಿಲ್ಲಿಯ ಪ್ರಗತಿ ಮೈದಾನದಲ್ಲಿದ್ದ ಕಾಂಕ್ರೀಟಿನ ವಸ್ತುಪ್ರದರ್ಶನ ಭವನ, ಹಾಲ್ ಆಫ್ ನೇಷನ್ಸ್ ಕಥೆ ಗೊತ್ತಲ್ವಾ? ರಾಜ್ ರೇವಾಲ್ ವಿನ್ಯಾಸ, ಮಹೇಂದ್ರ ರಾಜ್ ಇಂಜಿನಿಯರಿಂಗ್, 1972ರದ್ದು. ದೊಡ್ಡ ದೊಡ್ಡವರು ಬೇಡ ಅಂದರೂ 2017ರ ಏಪ್ರಿಲ್‌ನಲ್ಲಿ ಕೆಡವಿದರು. ಅಂಥದ್ದಕ್ಕೇ ಆ ಗತಿ.

ಹಾಗಾಗಿ ಇಲಾಖೆಯ ಹಿಂದೆ ಅಲೆಯೋದು ಬಿಡಿ. ನಿಮ್ಮದು ಕ್ಯಾಥೋಲಿಕ್ ಚರ್ಚ್ ಆದರೆ ಕೊನೆ ಮಾತು ಬಳ್ಳಾರಿ ಧರ್ಮಕ್ಷೇತ್ರದ್ದು (ಬಿಷಪ್ ಆಡಳಿತ). ಫಾದರ್ ಮೂಲಕ ಹೋಗಿ, ಹಳೇ ನಕ್ಷೆ ಇದ್ದರೆ ಕೇಳಿ. ಇಲ್ಲದಿದ್ದರೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಂದ ಅಳತೆ ತೆಗೆಸಿ.

"ಗೋಡೌನ್" ಅನ್ನುವವರಿಗೆ ಇಷ್ಟು ಹೇಳಿ: 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಫಾದರ್ ಜನರ ಕಡೆ ಮುಖ ಮಾಡಿ, ಜನರ ಭಾಷೆಯಲ್ಲೇ ಪೂಜೆ ಮಾಡುವ ರೂಢಿ ಬಂತು. ನಡುವೆ ಕಂಬ ಇಲ್ಲದ ತೆರೆದ ಹಾಲ್ ಅದಕ್ಕೆ ಹೇಳಿ ಮಾಡಿಸಿದ್ದು. ಮುಂಬೈ ದಾದರ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಚರ್ಚ್‌ಗೂ ಕಾಂಕ್ರೀಟ್ ಚಾವಣಿಯೇ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ.

ಎರೆಹೊಲ:
ಫೋಟೋ ಹಾಕಿದ್ದೇನೆ. ಸೋರುವ ಗೆರೆಯ ಮೇಲೆ ಜಾಯಿಂಟ್ ಇದೆ. ಹಿಂದೆ ಯಾರೋ ಅದಕ್ಕೆ ಸಿಮೆಂಟ್ ತುಂಬಿದ್ದಾರೆ, ಉದ್ದಕ್ಕೂ ಬಿರುಕು. ತಗ್ಗಿನ ನೀರು ಹೋಗುವ ಎರಡು ತೂತುಗಳಲ್ಲಿ ಅರಳಿ ಗಿಡ! ಪೊಳ್ಳು ಸದ್ದು ಜಾಯಿಂಟಿನ ಎರಡೂ ಪಕ್ಕ ಮಾತ್ರ ಬರುತ್ತಿದೆ.

ಬಳ್ಳಾರಿ ಸೆಂಟ್ರಿಂಗ್:
ಇದೇ ಕಾಯಿಲೆ. ನಮ್ಮ ಕಡೆ ಬಿಸಿಲು ಗೊತ್ತಲ್ಲ. 20 ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಜಾಯಿಂಟಿಗೆ ಸಿಮೆಂಟ್ ತುಂಬಿದರೆ ಅದು ಸೀಳಲೇಬೇಕು. ಒಳಗೆ ಹೋದ ನೀರು ಕಂಬಿಗೆ ಮುಟ್ಟುತ್ತದೆ, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ತಳ ಒಡೆದು ಬೀಳುತ್ತದೆ.

ಉಳಿದ ಚಾವಣಿಯಲ್ಲಿ ಕಂಬಿಗೆ ರಕ್ಷಣೆ ಇದೆಯಾ ಅಂತ ತಿಳಿಯಲು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ಸ್ವಲ್ಪ ಫಿನಾಲ್ಫ್‌ಥಲೀನ್ ದ್ರಾವಣ ತನ್ನಿ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಹಾಕಿ. ಗುಲಾಬಿ ಬಣ್ಣ ಬಂದರೆ ಸಿಮೆಂಟಿನ ಕ್ಷಾರ ಉಳಿದಿದೆ, ಅಲ್ಲಿ ಕಂಬಿಗೆ ರಕ್ಷಣೆ ಇದೆ. ಬಣ್ಣ ಬರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಆಳಕ್ಕೆ ಇಳಿದು ಕ್ಷಾರ ಹೋಗಿದೆ, ಅಲ್ಲಿ ಕಂಬಿಗೆ ರಕ್ಷಣೆ ಇಲ್ಲ ಅಂತ.

ಎರೆಹೊಲ:
ಹಾಕಿ ನೋಡಿದೆವು. ಜಾಯಿಂಟಿನ ಹತ್ತಿರ ಬಣ್ಣವೇ ಬರಲಿಲ್ಲ. ಬೇರೆ ಕಡೆ ಮೇಲ್ಪದರ ಬಿಟ್ಟರೆ ಕಂಬಿಯ ಮಟ್ಟದಲ್ಲಿ ಒಳ್ಳೇ ಗುಲಾಬಿ. ಇಡೀ ಚಾವಣಿ ಹೋಗಿದೆ ಅನ್ನುತ್ತಿದ್ದವರು ಈಗ ಸ್ವಲ್ಪ ಸುಮ್ನಾಗಿದ್ದಾರೆ. ಹಾಗಾದರೆ ಕಂಬಿ ಮೇಲೆ ಗಿಲಾವು ಮಾಡಿಸಲಾ?

ಗಿಲಾವು ಮೇಸ್ತ್ರಿ, ಕೊಪ್ಪಳ:
ಬೇಡ್ರಿ! ತುಕ್ಕಿನ ಮೇಲೆ ಗಿಲಾವು ಎಷ್ಟು ದಿನ ನಿಲ್ಲುತ್ತದೆ? ಕಂಬಿಯ ಹಿಂದಕ್ಕೂ ಬೆರಳು ಹೋಗುವಷ್ಟು, ಅಂದರೆ 20–25 ಮಿ.ಮೀ., ಒಡೆದು ತೆಗೀಬೇಕು. ತಂತಿ ಬ್ರಷ್‌ನಿಂದ ಕಬ್ಬಿಣ ಹೊಳೆಯೋ ತನಕ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಆಮೇಲೆ ಪಾಲಿಮರ್ ಮಾರ್ಟರ್ (ಅಂಟು ಬೆರೆಸಿದ ಸಿಮೆಂಟ್ ಗಾರೆ) ತುಂಬಬೇಕು. ಒದ್ದೆ ಗೋಣಿಚೀಲ ಕಟ್ಟಿ ಕ್ಯೂರಿಂಗ್ ಮಾಡ್ರಿ. ಬಿಸಿಲಿಗೆ ಬಿಟ್ಟರೆ ಎಲ್ಲಾ ದಂಡ.

ಬಳ್ಳಾರಿ ಸೆಂಟ್ರಿಂಗ್:
ಮೇಸ್ತ್ರಿ ಹೇಳಿದ್ದು ಸರಿ. ಆದರೆ ಒಡೆಯುವ ಮುಂಚೆ ಕೆಳಗೆ ಜಾಕ್ (ಚಾವಣಿಗೆ ಆಸರೆ ಕಂಬ) ಕೊಡಲೇಬೇಕು. ಒಂದೇ ಸಲ ಉದ್ದಕ್ಕೂ ಒಡೆಯಬೇಡಿ, ತುಂಡು ತುಂಡಾಗಿ ಮಾಡಿ. ಕಂಬಿ ತೀರಾ ಸವೆದಿದ್ದರೆ ಪಕ್ಕಕ್ಕೆ ಹೊಸದು ಸೇರಿಸಬೇಕಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿಯೇ ಹೇಳಬೇಕು. ಅವರ ಫೀಸಿನಲ್ಲಿ ಉಳಿತಾಯ ನೋಡಬೇಡಿ.

ಕೆಲಸದ ಸರದಿ: ಅರಳಿ ಗಿಡ ಬೇರು ಸಮೇತ ತೆಗೆದು ತೂತು ಬಿಡಿಸೋದು, ಕಂಬಿ ರಿಪೇರಿ, ಕೊನೆಗೆ ಜಾಯಿಂಟ್. ಹಳೇ ಸಿಮೆಂಟ್ ಪೂರ್ತಿ ಕಿತ್ತು, ಒಳಗೆ ಫೋಮ್ ಹಗ್ಗ ತುರುಕಿ, ಮೇಲೆ ಪಾಲಿಸಲ್ಫೈಡ್ ಸೀಲಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು). ಅದರ ಆಳ ಅಗಲದ ಅರ್ಧದಷ್ಟಿದ್ದರೆ ಸಾಕು.

ಎರೆಹೊಲ:
ಮಳೆಗೆ ಮುಂಚೆ ಮುಗಿಸಬೇಕು ಅಂತ ಮೇ ತಿಂಗಳಲ್ಲೇ ಸೀಲಂಟ್ ಹಾಕಿಸಿದರೆ ನಡೆಯುತ್ತಾ?

ಬಳ್ಳಾರಿ ಸೆಂಟ್ರಿಂಗ್:
ಮೇ ಮಧ್ಯಾಹ್ನ ಬೇಡ. ಆಗ ಸ್ಲ್ಯಾಬು ಹಿಗ್ಗಿ ಜಾಯಿಂಟ್ ಕಿರಿದಾಗಿರುತ್ತದೆ, ಚಳಿಗೆ ಅದು ಅಗಲವಾದಾಗ ಸೀಲಂಟ್ ಕಿತ್ತು ಬರುತ್ತದೆ. ಫೆಬ್ರವರಿಯಲ್ಲಿ ಹಾಕಿಸಿ. ಈ ಮಳೆಗಾಲಕ್ಕೆ ತೂತು ಬಿಡಿಸಿ, ಜಾಯಿಂಟಿನ ಮೇಲೆ ತಾಡಪತ್ರಿ ಕಟ್ಟಿ. ಉದುರುವ ಜಾಗದ ಕೆಳಗಿನ ಬೆಂಚುಗಳನ್ನು ಇವತ್ತೇ ಸರಿಸಿ.