ದೆಹಲಿಯಲ್ಲಿ ಗುರು ತೇಗ್ ಬಹಾದ್ದೂರರಿಗೆ ಎರಡು ಗುರುದ್ವಾರ ಯಾಕೆ?

ಪ್ರಶ್ನೆ: ಹೋದ ವಾರ ಚಾಂದನಿ ಚೌಕದ ಸೀಸ್ ಗಂಜ್‌ನಲ್ಲಿ ತಲೆಗೆ ಕರ್ಚೀಫ್ ಕಟ್ಟಿಕೊಂಡು ಸುಮ್ನೆ ಕೂತಿದ್ದೆ. ಸಿಖ್ಖರ ಒಂಬತ್ತನೇ ಗುರು ತೇಗ್ ಬಹಾದ್ದೂರರನ್ನು ಕೊಂದ ಜಾಗ ಇದೇ ಅಂದರು. ಹಾಗಾದ್ರೆ ರಕಾಬ್ ಗಂಜ್ ಯಾವುದು?

ಉತ್ತರ: 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ಅಲ್ಲಿ ತಲೆ ಕಡಿದರು. ಸೀಸ್ ಅಂದರೆ ತಲೆ. ಶಿಷ್ಯ ಭಾಯಿ ಜೈತಾ ಅದನ್ನು ಪಂಜಾಬಿನ ಆನಂದಪುರಕ್ಕೆ ಒಯ್ದರು. ಗುರುವಿನ ಮಗ ಗೋಬಿಂದ್ ಆಗ ಇನ್ನೂ ಪುಟ್ಟ ಹುಡುಗ.

ಇನ್ನೊಬ್ಬರು: ಮುಂಡದ ಕತೆಯೇ ಬೇರೆ. ಲಖಿ ಶಾ ವಣಜಾರಾ ಅದನ್ನು ಗಾಡಿಯಲ್ಲಿ ಬಚ್ಚಿಟ್ಟು ಮನೆಗೆ ತಂದರು. ಎಲ್ಲರೆದುರು ಚಿತೆ ಹಚ್ಚುವಂತಿರಲಿಲ್ಲ. ದೇಹವನ್ನು ಒಳಗಿಟ್ಟು ಮನೆಗೇ ಬೆಂಕಿ ಕೊಟ್ಟರು! ಅಲ್ಲೇ ಈಗಿನ ರಕಾಬ್ ಗಂಜ್. ವಣಜಾರಾ ಅಂದ್ರೆ ನಮ್ಮ ಲಂಬಾಣಿ ಬಳಗವೇ ಅಲ್ವಾ? ತಾಂಡಾದವನಾದ ನನಗೆ ಗುರುವಿಗಿಂತ ಆ ಮನೆಯೇ ಜಾಸ್ತಿ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರು: ಸಂಸತ್ ಭವನದ ಹತ್ತಿರದ್ದಾ? ಆಟೋದಲ್ಲಿ ಅದರ ಮುಂದೆಯೇ ಹೋಗಿದ್ದೆ. ಛೆ.